ಸಹಾಯ ಬೇಕು: ಹೆಚ್ಚು ಹೊತ್ತು ನಿಲ್ಲಲಾಗದವರಿಗೆ ಮ್ಯಾಡ್ರಿಡ್‌ನಲ್ಲಿ ಪಿಕಾಸೊನ ‘ಗೆರ್ನಿಕಾ’ ಚಿತ್ರ ತೋರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಂಡಿನೋವಿರುವ ಅಮ್ಮನನ್ನು ಆ ಚಿತ್ರ ಇರುವ ರೈನಾ ಸೋಫಿಯಾ ಮ್ಯೂಸಿಯಂಗೆ ಕರೆದುಕೊಂಡು ಹೋಗಬೇಕಿದೆ. ಮಂಗಳವಾರ ರಜೆ, ಭಾನುವಾರ ಮಧ್ಯಾಹ್ನ 2:30ಕ್ಕೇ ಬಾಗಿಲು, ಉಳಿದ ದಿನ ಬೆಳಿಗ್ಗೆ 10ರಿಂದ ರಾತ್ರಿ 9. ಸಂಜೆ 7ರ ಮೇಲೆ ಪ್ರವೇಶ ಉಚಿತ ನಿಜ, ಆದರೆ ಆಗಲೇ ಸಾಲು ಉದ್ದ. ಶಕ್ತಿಯೆಲ್ಲ ಸಾಲಿನಲ್ಲೇ ಹೋದರೆ ಒಳಗೆ ನೋಡುವುದೇನು? ಹಾಗಾಗಿ ದುಡ್ಡು ಕೊಟ್ಟೇ ಟಿಕೆಟ್ ತಗೊಂಡು, 10ಕ್ಕೆ ಬಾಗಿಲು ತೆಗೆದ ಕೂಡಲೇ ಚಿತ್ರ ಇರುವ ಹಳೆಯ ಸಬಾಟಿನಿ ಕಟ್ಟಡದ ಎರಡನೇ ಮಹಡಿಗೆ ಹೋಗುವ ಯೋಚನೆ.

ಚಿತ್ರ 3.49 ಮೀಟರ್ ಎತ್ತರ, 7.77 ಮೀಟರ್ ಅಗಲ. ಹತ್ತಿರದಿಂದ ಎಡಗಡೆ ಸತ್ತ ಕೂಸನ್ನು ಹಿಡಿದ ತಾಯಿ, ನಡುವೆ ಚೀರುವ ಕುದುರೆ ಬಿಡಿಬಿಡಿಯಾಗಿ ಕಾಣುತ್ತವೆ. ಪೂರ್ತಿ ನೋಡಲು ಹಿಂದೆ ಸರಿಯಬೇಕು. ಸರಿದರೆ ಮುಂದೆ ಬರೀ ಜನರ ತಲೆ. ಕುರ್ಚಿಯಲ್ಲಿ ಕೂತವರಿಗಂತೂ ಇನ್ನೂ ಕಷ್ಟ. 1937ರಲ್ಲಿ ಪಿಕಾಸೊ ಇದಕ್ಕಾಗಿ ಬರೆದ ರೇಖಾಚಿತ್ರಗಳನ್ನೂ, ಕೆಲಸ ನಡೆಯುವಾಗ ಛಾಯಾಗ್ರಾಹಕಿ ಡೋರಾ ಮಾರ್ ತೆಗೆದ ಫೋಟೊಗಳನ್ನೂ ಬಿಡುವ ಮನಸ್ಸಿಲ್ಲ.

ಹೋಗಿಬಂದವರು ದಯವಿಟ್ಟು ತಿಳಿಸಿ: ವೀಲ್‌ಚೇರ್ ಅಲ್ಲೇ ಸಿಗುತ್ತಾ, ಮೊದಲೇ ಹೇಳಿಡಬೇಕಾ? ಚಿತ್ರವಿರುವ ಕೋಣೆಯ ಹತ್ತಿರ ಕೂರಲು ಬೆಂಚು ಎಲ್ಲಿದೆ? ಮ್ಯೂಸಿಯಂನ ಹೊಸ ನುವೆಲ್ ಕಟ್ಟಡದ ಬಾಗಿಲಿಂದ ಒಳಹೋದರೆ ನಡಿಗೆ ಜಾಸ್ತಿಯಾಗುತ್ತಾ? ಗುಂಪುಗಳು ಬರಲು ಶುರುವಾಗುವುದು ಎಷ್ಟು ಹೊತ್ತಿಗೆ? ಪ್ರಾಡೊ ಮ್ಯೂಸಿಯಂ ಹತ್ತಿರವೇ ಇದ್ದರೂ ಅದನ್ನು ಬೇರೆ ದಿನಕ್ಕೇ ಇಟ್ಟಿದ್ದೇವೆ.