‘ಡಿರೈವ್ಡ್ ರಿಕ್ವೈರ್‌ಮೆಂಟ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ವಿಮಾನದ ಸಾಫ್ಟ್‌ವೇರ್ ಕೆಲಸಕ್ಕೆ ಹೊಸದಾಗಿ ಬಂದವರಿಗಾಗಿ ಕನ್ನಡದಲ್ಲಿ ಕಿರು ಕೈಪಿಡಿ ಬರೆಯುತ್ತಿದ್ದೇನೆ. ವಿಷಯ ಟ್ರೇಸಬಿಲಿಟಿ. ಸಾಫ್ಟ್‌ವೇರ್ ಏನು ಮಾಡಬೇಕು ಎಂದು ಬರೆದಿಟ್ಟ ಪ್ರತಿ ಸಾಲನ್ನೂ, ಅದನ್ನು ಮಾಡುವ ಡಿಸೈನ್ ಭಾಗಕ್ಕೆ ಜೋಡಿಸುವುದು. ಅಲ್ಲಿಂದ ಇಲ್ಲಿಗೂ ಇಲ್ಲಿಂದ ಅಲ್ಲಿಗೂ ಹೋಗಲು ಬರಬೇಕು.

ಬಹಳಷ್ಟು ಪದಗಳು ಸಲೀಸಾಗಿ ಸಿಕ್ಕವು. ರಿಕ್ವೈರ್‌ಮೆಂಟ್‌ಗೆ ‘ಬೇಡಿಕೆ’. ‘ವೆರಿಫೈ’ಗೆ ‘ತಾಳೆ ನೋಡು’. ಟ್ರೇಸಬಿಲಿಟಿಗೆ ‘ಜಾಡು’ ಸಾಕು. ‘ಅನುರೇಖನೀಯತೆ’ ಎನ್ನುವವರಿಗೆ ಈಗಲೇ ಕೈಮುಗಿದೆ. ಸಿಸ್‌ಎಂಎಲ್ (ಇಡೀ ವ್ಯವಸ್ಥೆಯ ಬೇಡಿಕೆ, ಡಿಸೈನ್‌ಗಳನ್ನು ಚಿತ್ರಗಳಲ್ಲಿ ಬರೆಯುವ ಭಾಷೆ) ಚಿತ್ರದ ‘ಸ್ಯಾಟಿಸ್ಫೈ’ ಗೆರೆಗೆ ‘ಈಡೇರಿಸು’. ಆ ಗೆರೆಯ ಬಾಣ ಡಿಸೈನ್ ಕಡೆಯಿಂದ ಬೇಡಿಕೆಯ ಕಡೆಗೆ ಹೋಗುತ್ತದೆ. ಹೊಸಬರು ಉಲ್ಟಾ ಎಳೆಯುವುದೇ ಜಾಸ್ತಿ. ‘ಲ್ಯಾಂಡಿಂಗ್ ಗೇರ್ ಕಂಟ್ರೋಲರ್ ಈ ಬೇಡಿಕೆಯನ್ನು ಈಡೇರಿಸುತ್ತದೆ’ ಎಂದು ಓದಿಕೊಂಡರೆ ದಿಕ್ಕು ತಪ್ಪುವುದಿಲ್ಲ.

ಸಿಕ್ಕಿಕೊಂಡಿರುವುದು ‘ಡಿರೈವ್ಡ್’ನಲ್ಲಿ. ‘ವಿಮಾನ ನೆಲದ ಮೇಲಿರುವಾಗ ಚಕ್ರಗಳು ಮಡಚಿಕೊಳ್ಳಬಾರದು’ ಎಂಬುದು ಮೂಲ ಬೇಡಿಕೆ ಅಂದುಕೊಳ್ಳಿ. ಅದರಿಂದ ಇನ್ನೊಂದು ಹುಟ್ಟುತ್ತದೆ: ‘ಚಕ್ರದ ಮೇಲೆ ಭಾರವಿದೆ ಎಂದು ಸ್ವಿಚ್ ಹೇಳುತ್ತಿದ್ದರೆ, ಪೈಲಟ್ ಲಿವರ್ ಎತ್ತಿದರೂ ಸಾಫ್ಟ್‌ವೇರ್ ಕೇಳಬಾರದು.’ ಸಿಸ್‌ಎಂಎಲ್‌ನಲ್ಲಿ ಡಿರೈವ್ಡ್ ಅಂದರೆ ಇದೇ. ಎರಡರ ನಡುವೆ ಗೆರೆ ಇರುತ್ತದೆ.

ಈಗ ವಿಮಾನದ ಸಾಫ್ಟ್‌ವೇರ್ ಬರೆಯುವವರು ಪಾಲಿಸುವ ಮಾನದಂಡ, 2011ರ ಡಿಓ-178ಸಿ ತೆಗೆಯಿರಿ. ಅಲ್ಲಿ ಡಿರೈವ್ಡ್ ಅಂದರೆ ಮೇಲಿನ ಯಾವ ಬೇಡಿಕೆಗೂ ನೇರ ಜಾಡು ಇಲ್ಲದ್ದು, ಇಲ್ಲವೇ ಮೇಲೆ ಕೇಳಿದ್ದಕ್ಕಿಂತ ಹೆಚ್ಚಿನದೇನನ್ನೋ ಮಾಡಿಸುವಂಥದ್ದು. ‘ಸಾಫ್ಟ್‌ವೇರ್ ಆಗಾಗ ವಾಚ್‌ಡಾಗ್ ಟೈಮರನ್ನು (ಸಾಫ್ಟ್‌ವೇರ್ ಸಿಕ್ಕಿಹಾಕಿಕೊಂಡು ನಿಂತರೆ ಪತ್ತೆಹಚ್ಚುವ ಗಡಿಯಾರ) ರೀಸೆಟ್ ಮಾಡುತ್ತಿರಬೇಕು’ ಎಂದು ವಿಮಾನ ಕೊಳ್ಳುವವರು ಕೇಳುತ್ತಾರಾ? ನಾವು ಆರಿಸಿಕೊಂಡ ಹಾರ್ಡ್‌ವೇರ್‌ನಿಂದ ಬಂದದ್ದು ಅದು. ಇಂಥದ್ದು ಯಾಕೆ ಬಂತು ಎಂದು ಬರೆದಿಡಬೇಕು, ಸುರಕ್ಷತೆ ನೋಡುವವರಿಗೂ ತಿಳಿಸಬೇಕು.

ಅಂದರೆ ಒಂದು ಕಡೆ ಮೂಲ ಇರುವುದಕ್ಕೆ ಈ ಹೆಸರು, ಇನ್ನೊಂದು ಕಡೆ ಮೂಲ ಇಲ್ಲದ್ದಕ್ಕೆ. ‘ಸಾಧಿತ’, ‘ವ್ಯುತ್ಪನ್ನ’ ಎರಡೂ ಮೊದಲನೆಯದಕ್ಕಷ್ಟೇ ಹೊಂದುತ್ತವೆ. ಎರಡನೆಯದಕ್ಕೂ ಅವನ್ನೇ ಹಾಕಿದರೆ ಓದುಗ ಇಲ್ಲದ ಮೂಲ ಹುಡುಕುತ್ತಾನೆ. ಸಿಗದಿದ್ದರೆ, ರಿಪೋರ್ಟ್‌ನಲ್ಲಿ ಖಾಲಿ ಕಾಣಬಾರದು ಅಂತ ಯಾವುದೋ ಒಂದಕ್ಕೆ ಸುಮ್ನೆ ಗಂಟು ಹಾಕುತ್ತಾನೆ. ಆಮೇಲೆ ಸುರಕ್ಷತೆಯವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

‘ಹಾಗಾದರೆ ಒಂದು ತದ್ಭವ, ಇನ್ನೊಂದು ದೇಶ್ಯ’ ಎಂದು ಸಹೋದ್ಯೋಗಿಯೊಬ್ಬರು ತಮಾಷೆ ಮಾಡಿದರು. ಪಾಲು ಮಾಡಿದ್ದು ಸರಿಯಾಗಿಯೇ ಇದೆ! ಆದರೆ ಕೈಪಿಡಿಯಲ್ಲಿ ಹಾಕಲು ಧೈರ್ಯ ಬರಲಿಲ್ಲ.

ಸದ್ಯಕ್ಕೆ ಮೊದಲನೆಯದಕ್ಕೆ ‘ಮರಿ ಬೇಡಿಕೆ’, ಎರಡನೆಯದಕ್ಕೆ ‘ಒಳಹುಟ್ಟು ಬೇಡಿಕೆ’ ಎಂದು ಬರೆದಿದ್ದೇನೆ. ‘ತಾನಾಗಿ ಹುಟ್ಟಿದ’ ಬೇಡ ಅನ್ನಿಸಿತು, ಕಾರಣವೇ ಇಲ್ಲ ಎಂಬ ಅರ್ಥ ಬಂದುಬಿಡುತ್ತದೆ. ‘ಒಳಹುಟ್ಟು’ ಪದಕ್ಕೆ ನಿಮ್ಮ ಕಡೆ ಬೇರೆ ಅರ್ಥವಿದೆಯಾ? ಗಿರಾಕಿ ಕೇಳದಿದ್ದರೂ ಬೇಕೇಬೇಕೆಂದು ಮೇಸ್ತ್ರಿ, ಬಡಗಿಗಳು ತಾವೇ ಸೇರಿಸುವ ಕೆಲಸಕ್ಕೆ ಬಳಕೆಯಲ್ಲಿರುವ ಮಾತು ಯಾವುದಾದರೂ ಇದ್ದರೆ ದಯವಿಟ್ಟು ತಿಳಿಸಿ.