ರಿಮ್ ಬ್ರೇಕ್ ಟ್ರೈ ಬೈಕಿಗೆ 40,000ದೊಳಗೆ ಅಭ್ಯಾಸದ ಚಕ್ರ, ರೇಸ್ ಚಕ್ರ: ದುಡ್ಡು ಎಲ್ಲಿ ಹಾಕಬೇಕು?

ಸುರತ್ಕಲ್_90:

ಗೋವಾದ ಐರನ್‌ಮ್ಯಾನ್ 70.3 ಟ್ರಯಥ್ಲಾನಿಗೆ ತಯಾರಿ ನಡೀತಾ ಉಂಟು. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಬೈಕ್ ಅಲ್ಯೂಮಿನಿಯಂ ಫ್ರೇಮಿನ ಟ್ರೈ ಬೈಕ್ (ಟ್ರಯಥ್ಲಾನ್ ಸೈಕಲ್), ರಿಮ್ ಬ್ರೇಕ್ (ಪ್ಯಾಡ್ ರಿಮ್ಮಿಗೇ ಹಿಡಿಯುವಂಥದ್ದು), ಶಿಮಾನೊ 11 ಸ್ಪೀಡ್, ಹಿಂದೆ 11ರಿಂದ 28 ಹಲ್ಲಿನ ಕ್ಯಾಸೆಟ್ (ಗೇರಿನ ಹಲ್ಲುಚಕ್ರಗಳ ಗೊಂಚಲು). ನನ್ನ ತೂಕ 74 ಕೆ.ಜಿ.

ಚಕ್ರಗಳು ಬೈಕಿನ ಜೊತೆ ಬಂದವೇ: 24 ಮಿ.ಮೀ. ಎತ್ತರದ ಅಲ್ಯೂಮಿನಿಯಂ ರಿಮ್, ಒಳ ಅಗಲ 17, ಮುಂದೆ 20 ಕಡ್ಡಿ, ಹಿಂದೆ 24. ಹಿಂದಿನದಕ್ಕೆ ಬೆಂಡ್ ತೆಗೆಸಿದರೆ ಎರಡು ವಾರದಲ್ಲಿ ಮತ್ತೆ ಓಲಾಡ್ತದೆ. ನಿಪ್ಪಲ್‌ಗಳ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟು) ಬುಡದಲ್ಲಿ ಬಿಳಿ ಪುಡಿ ಕಾಣ್ತದೆ. ಮುಂದಿನದು ಸರಿ ಉಂಟು. ಅಭ್ಯಾಸ ಹೆಚ್ಚಾಗಿ ಹೆದ್ದಾರಿ 66ರಲ್ಲಿ, ಸುರತ್ಕಲ್‌ನಿಂದ ಮೂಲ್ಕಿ, ಪಡುಬಿದ್ರಿ, ಉಡುಪಿ, ವಾಪಸ್. ಮಳೆಗಾಲದಲ್ಲೂ ನಿಲ್ಲಿಸುವುದಿಲ್ಲ.

40,000 ರೂಪಾಯಿ ತೆಗೆದಿಟ್ಟಿದ್ದೇನೆ. 50 ಮಿ.ಮೀ. ಕಾರ್ಬನ್ ಸೆಟ್ ಒಂದೇ ತಗೊಂಡು ಎರಡಕ್ಕೂ ಅದನ್ನೇ ಓಡಿಸುವುದಾ, ಬೇರೆ ಬೇರೆ ಇಡುವುದಾ?

ಕಡ್ಡಿಬಿಗಿ:

ಕಾರ್ಬನ್ ರಿಮ್ಮಿಗೇ ಬ್ರೇಕ್ ಹಿಡಿಯುವ ಸೆಟ್ ದಿನಾ ಓಡಿಸುವುದು ನಮ್ಮ ಕರಾವಳಿಗೆ ಖಂಡಿತ ಬೇಡ. ಮಳೆಯಲ್ಲಿ ಕಾರ್ಬನ್ ಒದ್ದೆಯಾದರೆ ಪ್ಯಾಡ್ ಒತ್ತಿದ ತಕ್ಷಣ ಬ್ರೇಕ್ ಹಿಡಿಯುವುದಿಲ್ಲ, ನೀರು ಒರೆಸಿ ಹೋಗುವವರೆಗೆ ಚಕ್ರ ತಿರುಗುತ್ತಲೇ ಇರ್ತದೆ. ಪಣಂಬೂರು, ಕೂಳೂರು ಕಡೆ ಲಾರಿಗಳ ನಡುವೆ ಆ ಒಂದೆರಡು ಸೆಕೆಂಡು ತುಂಬಾ ದೊಡ್ಡದು. ಅದರ ಮೇಲೆ ಮರಳು ಬೆರೆತ ಕೆಸರು ಪ್ಯಾಡಿಗೆ ಅಂಟಿ ರಿಮ್ಮನ್ನು ಉಜ್ಜಿ ತೆಗೀತದೆ. ಅಲ್ಯೂಮಿನಿಯಂ ರಿಮ್ ಹೀಗೆ ಸವೆದರೆ ಒಂದು ರಿಮ್ ಹೋಯ್ತು ಅಷ್ಟೇ, ಕಾರ್ಬನ್ ಸವೆದರೆ ಇಡೀ ಬಜೆಟ್ ಹೋಯ್ತು.

ಈಗ ಆ ಬಿಳಿ ಪುಡಿ. ಅದು ಅಲ್ಯೂಮಿನಿಯಂ ನಿಪ್ಪಲ್ ತಿಂದು ಹೋಗ್ತಿರುವ ಗುರುತು. ಸ್ಟೀಲ್ ಕಡ್ಡಿ, ಅಲ್ಯೂಮಿನಿಯಂ ನಿಪ್ಪಲ್, ನಡುವೆ ಉಪ್ಪುನೀರು: ಎರಡು ಲೋಹ ಉಪ್ಪುನೀರಿನಲ್ಲಿ ಸೇರಿದರೆ ಅಲ್ಯೂಮಿನಿಯಂ ಕರಗ್ತದೆ. ಸಮುದ್ರದ ಗಾಳಿಯೇ ಸಾಕು, ಮಳೆಯೂ ಬೇಕಂತಿಲ್ಲ. ಅಂಥ ನಿಪ್ಪಲ್ ಕೀ ಹಾಕಿ ತಿರುಗಿಸಿದರೆ ಕಡ್ಡಿಯ ಜೊತೆಗೇ ತಿರುಚ್ತದೆ, ಕೀ ತೆಗೆದ ಮೇಲೆ ಹಿಂದಕ್ಕೆ ಬಿಚ್ಚಿಕೊಳ್ತದೆ. ನಿಮಗೆ ಎರಡು ವಾರಕ್ಕೊಮ್ಮೆ ಬೆಂಡ್ ಬರುವುದು ಇದರಿಂದಲೇ ಇರಬೇಕು. ಇನ್ನೂ ಬಿಗಿ ಮಾಡಿಸಿದರೆ ನಿಪ್ಪಲಿನ ತಲೆ ಹಾರಿ ಹೋಗ್ತದೆ. ಆ ಚಕ್ರಕ್ಕೆ ಇನ್ನು ದುಡ್ಡು ಹಾಕಬೇಡಿ.

ಮುಂದಿನದು ಗಟ್ಟಿ ಇದ್ದರೆ ಅಭ್ಯಾಸಕ್ಕೆ ಅದೇ ಸಾಕು, ಹಿಂದಿನದನ್ನು ಮಾತ್ರ ಹೊಸದಾಗಿ ಕಟ್ಟಿಸಿ. ಶಿಮಾನೊ 105 ಅಥವಾ 11 ಸ್ಪೀಡಿನ ಟಿಯಾಗ್ರಾ ಹಬ್ (ಚಕ್ರದ ನಡುವಿನ ಗುಂಬ), 32 ತೂತಿನ ಅಲ್ಯೂಮಿನಿಯಂ ರಿಮ್, ಸ್ಟೇನ್‌ಲೆಸ್ ಕಡ್ಡಿ, ಹಿತ್ತಾಳೆ ನಿಪ್ಪಲ್. ಹಿತ್ತಾಳೆ ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಹಗುರ ಅಂತ ಅಲ್ಯೂಮಿನಿಯಂ ಹಾಕಿಬಿಡ್ತಾರೆ. ರಿಮ್ಮಿನ ಹೊರ ಅಗಲ ಈಗ ಮುಂದೆ ಇರುವಷ್ಟೇ ಇರಲಿ. 32 ಕಡ್ಡಿ ಹೇಳುವುದಕ್ಕೆ ಕಾರಣ ಉಂಟು. ಹಿಂದಿನ ಚಕ್ರದಲ್ಲಿ ಕ್ಯಾಸೆಟ್ ಜಾಗ ತಿನ್ನುವ ಕಾರಣ ಎಡಬದಿಯ ಕಡ್ಡಿಗಳ ಬಿಗಿ ಬಲಬದಿಯ ಸುಮಾರು ಅರ್ಧದಷ್ಟೇ ಇರ್ತದೆ. ಕಡ್ಡಿ ಕಡಿಮೆಯಾದಷ್ಟೂ ಒಂದೊಂದರ ಮೇಲಿನ ಹೊರೆ ಹೆಚ್ಚು, ಹೊಂಡಕ್ಕೆ ಬಿದ್ದಾಗಲೆಲ್ಲ ಎಡದವು ಸಡಿಲಾಗಿ ಮತ್ತೆ ಬಿಗಿಯಾಗಿ ಕೊನೆಗೆ ಬಗ್ಗಿದ ಮೊಣಕೈಯಲ್ಲಿ ತುಂಡಾಗ್ತವೆ. ನೂರು ಗ್ರಾಂ ಹೆಚ್ಚಾದರೆ ಆಗಲಿ. ಬೈಕು, ಸವಾರ, ನೀರು ಸೇರಿ 85 ಕೆ.ಜಿ. ಇರುವಾಗ ಸಮತಟ್ಟು ರಸ್ತೆಯಲ್ಲಿ ನೂರು ಗ್ರಾಂ ಲೆಕ್ಕಕ್ಕೇ ಬರುವುದಿಲ್ಲ.

ಆ ಹಬ್‌ಗಳು ಕೋನು-ಗುಂಡಿನವು, ಅಂದರೆ ಬಿಚ್ಚಿ ಗ್ರೀಸ್ ಹಾಕಬಹುದಾದ ಬಿಡಿ ಗುಂಡಿನವು. ಹಿಂದೆ ಒಂದೊಂದು ಬದಿಗೆ ಕಾಲು ಇಂಚಿನ 9 ಗುಂಡು. ಮೇ ಕೊನೆಗೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ಬಿಚ್ಚಿ ಒರೆಸಿ ಗ್ರೀಸ್ ತುಂಬಿ. ದೋಣಿಗಳಿಗೆ ಹಾಕುವ ಮರೈನ್ ಗ್ರೀಸ್ ನೀರಿಗೆ ಕರಗುವುದಿಲ್ಲ, ಮಲ್ಪೆ ಬಂದರಿನ ಕಡೆ ದೋಣಿ ಸಾಮಾನಿನ ಅಂಗಡಿಗಳಲ್ಲಿ ಕೇಳಿ. ಗುಂಡಿನ ಮೇಲೆ ಚುಕ್ಕಿ ಕಂಡರೆ ಎಲ್ಲ 18ನ್ನೂ ಬದಲಿಸಿ, ಒಂದೆರಡನ್ನಲ್ಲ. ಮಳೆಗಾಲಕ್ಕೆ ಕೂಲ್‌ಸ್ಟಾಪ್‌ನ ಸಾಲ್ಮನ್ ಬಣ್ಣದ ಪ್ಯಾಡ್ ಹಾಕಿ, ಕರಿ ಪ್ಯಾಡಿಗಿಂತ ಒದ್ದೆಯಲ್ಲಿ ಚೆನ್ನಾಗಿ ಹಿಡೀತದೆ.

ಇನ್ನು ರೇಸಿಗೆ. ಕಡಿಮೆ ದುಡ್ಡಿಗೆ ಹೆಚ್ಚು ವೇಗ ಕೊಡುವುದು ರಿಮ್ ಅಲ್ಲ, ಟೈರು. ಪಂಚರ್ ತಡೆಯುವ ದಪ್ಪ ಟೈರು ತೆಗೆದು ಕಾಂಟಿನೆಂಟಲ್ ಜಿಪಿ 5000ದಂಥದ್ದು ಹಾಕಿದರೆ ಒಂದು ಜೊತೆಗೆ ತುಳಿಯುವ ಶಕ್ತಿಯಲ್ಲಿ ಹತ್ತು ವಾಟಿಗಿಂತ ಹೆಚ್ಚೇ ಉಳೀತದೆ. ಒಳಗೆ ಲೇಟೆಕ್ಸ್ ಟ್ಯೂಬ್ ಹಾಕಿದರೆ ಇನ್ನಷ್ಟು. ಟೈರು-ಟ್ಯೂಬಿಗೆ 12,000 ಮೊದಲೇ ಎತ್ತಿಡಿ, ಹಿಂದಿನ ಚಕ್ರಕ್ಕೆ 14,000 ತನಕ. ಉಳಿದದ್ದರಲ್ಲಿ ಮುಂದಿನ ರೇಸ್ ಚಕ್ರ ಮಾತ್ರ ನೋಡಿ. ಹಿಂದೆ ರೇಸ್ ಚಕ್ರವೇ ಬೇಡ, ಹೊಸದಾಗಿ ಕಟ್ಟಿಸಿದ್ದಕ್ಕೆ ಕಡ್ಡಿ ಮುಚ್ಚುವ ಹಾಗೆ ಎರಡೂ ಬದಿ ಮುಚ್ಚಳ ಹಾಕಿದರೆ ಅದೇ ಡಿಸ್ಕ್, ಗಾಳಿ ಸೀಳುವ ತಟ್ಟೆ ಚಕ್ರ.

ಮರವಂತೆ_ಗಾಳಿ:

ಮುಚ್ಚಳದ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಡ್ರಾಫ್ಟಿಂಗ್ (ಮುಂದಿನವರ ಗಾಳಿ ಮರೆಯಲ್ಲಿ ಓಡಿಸುವುದು) ಇಲ್ಲದ ರೇಸುಗಳಲ್ಲಿ ಹಿಂದಿನ ಚಕ್ರಕ್ಕೆ ಮಾತ್ರ ಮುಚ್ಚಳ ಬಿಡ್ತಾರೆ, ಮುಂದಿನದಕ್ಕೆ ಬಿಡುವುದಿಲ್ಲ. ಹವಾಯಿಯ ಕೋನಾದ ಐರನ್‌ಮ್ಯಾನ್ ರೇಸಿನಲ್ಲಿ ಗಾಳಿಯ ಕಾರಣಕ್ಕೆ ಹಿಂದೆಯೂ ಡಿಸ್ಕ್ ಇಲ್ಲ. ನಿಮ್ಮ ರೇಸಿನ ಆ ವರ್ಷದ ಅಥ್ಲೀಟ್ ಗೈಡ್ (ನಿಯಮದ ಪುಸ್ತಕ) ಒಮ್ಮೆ ಓದಿಕೊಳ್ಳಿ.

ತಯಾರಾದ ಮುಚ್ಚಳ ತರಿಸಲಾಗದಿದ್ದರೆ ಮನೆಯಲ್ಲೇ ಮಾಡಬಹುದು. 0.75 ಮಿ.ಮೀ. ಪಾಲಿಪ್ರೊಪಿಲೀನ್ ಶೀಟು, ಒಂದು ಬದಿಗೆ ಸುಮಾರು 190 ಗ್ರಾಂ ಬರ್ತದೆ. ಬ್ರೇಕ್ ಪ್ಯಾಡ್ ತಾಗುವ ಪಟ್ಟಿಯ ಕೆಳಗಿನ ಅಂಚಿನಿಂದ ಆಕ್ಸಲ್ ನಡುವಿಗೆ ಅಳೆಯಿರಿ. ನಿಮ್ಮಂಥ 24 ಮಿ.ಮೀ. ರಿಮ್ಮಿನಲ್ಲಿ ಅದು 300 ಮಿ.ಮೀ. ಆಸುಪಾಸು. ಎಡಬದಿಯಲ್ಲಿ ಹಬ್ಬಿನ ಅಂಚು ರಿಮ್ಮಿಗಿಂತ ಸುಮಾರು 25 ಮಿ.ಮೀ. ಹೊರಗೆ ಇರ್ತದೆ, ಆದ್ದರಿಂದ ಶೀಟು ಚಪ್ಪಟೆ ಕೂರುವುದಿಲ್ಲ, ಆಳವಿಲ್ಲದ ಲಾಳಿಕೆ ಹಾಗೆ ಆಗಬೇಕು. 301 ಮಿ.ಮೀ. ತ್ರಿಜ್ಯಕ್ಕೆ ವೃತ್ತ ಕತ್ತರಿಸಿ, ಅಂಚಿನಿಂದ ನಡುವಿನವರೆಗೆ ಒಂದು ಗೆರೆ ಸೀಳಿ, ಹೊರ ಅಂಚಿನಲ್ಲಿ 7 ಮಿ.ಮೀ. ಒಂದರ ಮೇಲೊಂದು ಬರುವಂತೆ ಎಳೆದು ಅಂಟಿಸಿ. ಬಲಬದಿ ಹೆಚ್ಚುಕಡಿಮೆ ಚಪ್ಪಟೆ. ಅಲ್ಲಿ ಕ್ಯಾಸೆಟ್ಟಿಗೆ ತೂತು ಬೇಕು: 28 ಹಲ್ಲಿಗೆ 130 ಮಿ.ಮೀ. ವ್ಯಾಸ ಸಾಕು, 34 ಹಲ್ಲಾದರೆ 155. ಹಬ್ಬಿನ ಸುತ್ತ ಎಂಟು ಕಡೆ ಜಿಪ್ ಟೈ ಕಡ್ಡಿಗೆ ಬಿಗಿದು ಬಾಲ ಬುಡಕ್ಕೆ ಕತ್ತರಿಸಿ. ಹೊರ ಅಂಚಿಗೆ ಟೇಪ್ ಹಾಕುವ ಮೊದಲು ರಿಮ್ಮನ್ನು ಸ್ಪಿರಿಟ್ ಹಾಕಿ ಒರೆಸಲೇಬೇಕು. ಪ್ಯಾಡಿನ ಕರಿ ಪುಡಿ ಉಳಿದರೆ ಬಿಸಿಲಿಗೆ ಟೇಪ್ ಏಳ್ತದೆ, ಎದ್ದ ಅಂಚು ಪ್ಯಾಡಿಗೆ ಸಿಕ್ಕಿಕೊಂಡರೆ ಅಪಾಯ. ವಾಲ್ವಿನ ಹತ್ತಿರ ಪಂಪಿನ ತಲೆ ಹೋಗುವಷ್ಟು ಕಿಟಕಿ ಬಿಡಿ, ಗಾಳಿ ತುಂಬಿದ ಮೇಲೆ ಮುಚ್ಚಿ. ಫ್ರೇಮಿಗೆ ಎರಡೂ ಬದಿ ಕನಿಷ್ಠ 4 ಮಿ.ಮೀ. ಅಂತರ ಇರಲಿ.

ಮುಂದಿನ ಚಕ್ರದ ವಿಷಯದಲ್ಲಿ ನಮ್ಮ ಊರಿನ ಗಾಳಿಯನ್ನು ಲೆಕ್ಕಕ್ಕೆ ತಗೊಳ್ಳಿ. ಹೆದ್ದಾರಿ 66 ಉತ್ತರ-ದಕ್ಷಿಣ, ಮಧ್ಯಾಹ್ನದ ಕಡಲ ಗಾಳಿ ಪಶ್ಚಿಮದಿಂದ. ಅಂದರೆ ಹೋಗುವಾಗಲೂ ಬರುವಾಗಲೂ ಅಡ್ಡಗಾಳಿಯೇ. ತೆಂಗಿನ ತೋಟ, ಕಟ್ಟಡ ಮರೆ ಇರುವಲ್ಲಿ ಗೊತ್ತಾಗುವುದಿಲ್ಲ. ಉದ್ಯಾವರ ಸೇತುವೆ ಮೇಲೆ, ಮರವಂತೆಯಲ್ಲಿ ಒಂದು ಕಡೆ ಕಡಲು ಇನ್ನೊಂದು ಕಡೆ ಸೌಪರ್ಣಿಕಾ ಇರುವ ಜಾಗದಲ್ಲಿ, ಮರೆ ತಪ್ಪಿದ ಕೂಡಲೇ ಮುಂದಿನ ಚಕ್ರವನ್ನು ಎಳೀತದೆ. ಹಿಂದಿನ ಡಿಸ್ಕ್ ಹ್ಯಾಂಡಲನ್ನು ತಿರುಗಿಸುವುದಿಲ್ಲ, ಮುಂದಿನ ಎತ್ತರದ ರಿಮ್ ತಿರುಗಿಸ್ತದೆ. 74 ಕೆ.ಜಿ.ಗೆ 50ರಿಂದ 60 ಮಿ.ಮೀ. ಸಾಕು, 80 ಬೇಡ. ಹೊಸ ಚಕ್ರ ಹಾಕಿ ಏರೋ ಬಾರ್ (ಮೊಣಕೈ ಊರಿ ಬಗ್ಗುವ ಮುಂಚಾಚಿದ ಹಿಡಿ) ಮೇಲೆ ಮಲಗಿ ಮಧ್ಯಾಹ್ನದ ಗಾಳಿಯಲ್ಲಿ ನಾಲ್ಕೈದು ಸಲ ಓಡಿಸದೆ ರೇಸಿಗೆ ಒಯ್ಯಬೇಡಿ. ಮುಂಜಾನೆಯ ಗಾಳಿಯಿಲ್ಲದ ಸವಾರಿಯಲ್ಲಿ ಏನೂ ಗೊತ್ತಾಗುವುದಿಲ್ಲ.

ಸೆಕೆಂಡ್ ಹ್ಯಾಂಡಲ್ಲಿ ಹುಡುಕುವಾಗ ಪೂರ್ತಿ ಕಾರ್ಬನ್ ಬೇಡ. ಬ್ರೇಕ್ ಹಿಡಿಯುವ ಪಟ್ಟಿ ಅಲ್ಯೂಮಿನಿಯಂ, ಮೇಲೆ ಕಾರ್ಬನ್ ಹೊದಿಕೆ ಇರುವ ಚಕ್ರಗಳು ಸಿಗ್ತವೆ: ಹೆಡ್ ಜೆಟ್, ಹಳೆಯ ಫ್ಲೋ, ಮಾವಿಕ್ ಕಾಸ್ಮಿಕ್ ಕಾರ್ಬೋನ್. ತೂಕ ಹೆಚ್ಚು, ಅದಕ್ಕೇ ಯಾರಿಗೂ ಬೇಡವಾಗಿ ಅಗ್ಗ. ಗಾಳಿಗೆ ಗೊತ್ತಾಗುವುದು ಆಕಾರ ಮಾತ್ರ. ಅಭ್ಯಾಸದ ಚಕ್ರದ ಹಾಗೆ ಬ್ರೇಕ್ ತಾಗುವುದು ಅಲ್ಯೂಮಿನಿಯಂಗೇ ಆದ್ದರಿಂದ ಪ್ಯಾಡ್ ಬದಲಿಸುವ ಕೆಲಸವೂ ಇಲ್ಲ.

ಸುರತ್ಕಲ್_90:

ಇಬ್ಬರಿಗೂ ಧನ್ಯವಾದ, ಹಿಂದಿನದು ಮಾತ್ರ ಕಟ್ಟಿಸುವುದು ಅಂತ ಆಯ್ತು. ಒಂದು ಸಂಶಯ: 50 ಮಿ.ಮೀ. ಕಾರ್ಬನ್ ಟ್ಯುಬ್ಯುಲರ್ ಚಕ್ರಗಳ ಒಂದು ಜೊತೆಯನ್ನು 22,000ಕ್ಕೆ ಕೊಡ್ತಾರಂತೆ, ಹೊರ ಅಗಲ 26. ಬಿಡುವುದಾ? ಮತ್ತೆ ಹಿಂದಿನ ಹಳೆ ಕ್ಯಾಸೆಟ್ಟನ್ನೇ ಹೊಸ ಹಬ್ಬಿಗೆ ಹಾಕಬಹುದಾ?

ಪಡುಬಿದ್ರಿ_ಪಿಟ್‌ಸ್ಟಾಪ್:

ಬಿಡಿ ಮಾರಾಯ್ರೆ. ಟ್ಯುಬ್ಯುಲರ್ ಅಂದರೆ ಟೈರನ್ನು ರಿಮ್ಮಿಗೆ ಅಂಟು ಹಾಕಿ ಕೂರಿಸುವುದು. ಅಂಟು ರಿಮ್ಮಿಗೂ ಟೈರಿಗೂ ಪದರ ಪದರವಾಗಿ ಹಚ್ಚಿ ಒಣಗಿಸಬೇಕು, ನಮ್ಮ ಸೆಕೆ-ತೇವದಲ್ಲಿ ಅದು ಬೇಗ ಒಣಗುವುದಿಲ್ಲ. ರಸ್ತೆಯಲ್ಲಿ ಪಂಚರ್ ಆದರೆ ಟ್ಯೂಬ್ ಬದಲಿಸಲು ಬರುವುದಿಲ್ಲ, ಬಿಡಿ ಟೈರನ್ನೇ ಹೊತ್ತುಕೊಳ್ಳಬೇಕು, ಅದನ್ನು ಹಾಕಿದ ಮೇಲೆ ತಿರುವಿನಲ್ಲಿ ನಂಬುವ ಹಾಗಿಲ್ಲ. ಅಗ್ಗಕ್ಕೆ ಸಿಗುವುದು ಅದಕ್ಕೇ.

ಅಗಲದ ಮಾತು ಬಂತಲ್ಲ. ನಿಮ್ಮ ಈಗಿನ ರಿಮ್ಮಿನ ಹೊರ ಅಗಲ ಸುಮಾರು 22 ಇರಬಹುದು, ವರ್ನಿಯರ್ ಇಟ್ಟು ನೋಡಿ. 26ರದ್ದು ಹಾಕಿದರೆ ಪ್ಯಾಡ್‌ಗಳ ನಡುವೆ 4 ಮಿ.ಮೀ. ಹೆಚ್ಚು ಜಾಗ ಆಗುವಂತೆ ಪ್ರತಿ ಸಲ ಬ್ರೇಕ್ ಕೇಬಲ್ ಸಡಿಲಿಸಬೇಕು, ಪ್ಯಾಡ್ ರಿಮ್ಮಿಗೆ ತಾಗುವ ಕೋನವೂ ಬದಲಾಗ್ತದೆ. ಟ್ರೈ ಬೈಕುಗಳಲ್ಲಿ ಬ್ರೇಕ್ ಫೋರ್ಕಿನ ಒಳಗೆ ಅಡಗಿಕೊಂಡಿದ್ದರೆ ಅಷ್ಟು ಅಗಲಕ್ಕೆ ಜಾಗವೇ ಇರುವುದಿಲ್ಲ. ಅಳೆಯದೆ ಕೊಳ್ಳಬೇಡಿ. 23, 24ರ ಒಳಗಿನದಾದರೆ ಬ್ಯಾರಲ್ (ಕೇಬಲ್ ಬಿಗಿ ಹೊಂದಿಸುವ ತಿರುಪು) ತಿರುಗಿಸಿದರೆ ಆಯ್ತು. ಅಂಥ ಸಪೂರ ರಿಮ್ಮಿಗೆ ಮುಂದೆ 23ರ ಟೈರು, ಹಿಂದೆ 25 ಹಾಕಿ. ರಿಮ್ಮಿನ ಅಗಲ ಟೈರಿನ ನಿಜವಾದ ಅಗಲದ 105 ಶೇಕಡಾ ಇದ್ದರೆ ಗಾಳಿ ಅಂಟಿಕೊಂಡು ಹರೀತದೆ ಅಂತ ಲೆಕ್ಕ. ಟೈರು ಉಬ್ಬಿ ರಿಮ್ಮಿಗಿಂತ ಅಗಲವಾದರೆ ಎತ್ತರದ ರಿಮ್ ಇದ್ದೂ ಪ್ರಯೋಜನ ಕಡಿಮೆ.

ಹಳೆ ಕ್ಯಾಸೆಟ್ 11 ಸ್ಪೀಡಿನದೇ ಆದ್ದರಿಂದ ಹೊಸ ಹಬ್ಬಿಗೆ ಕೂರ್ತದೆ. 10 ಸ್ಪೀಡಿನದಾಗಿದ್ದರೆ 1.85 ಮಿ.ಮೀ. ಸ್ಪೇಸರ್ ಬೇಕಿತ್ತು. ಕ್ಯಾಸೆಟ್ ಹಿಡಿಯುವ ಲಾಕ್‌ರಿಂಗ್ 40 ನ್ಯೂಟನ್ ಮೀಟರಿಗೆ ಬಿಗಿ ಮಾಡಿ. ಆದರೆ ಮೊದಲು ಚೈನಿಗೆ ಗೇಜ್ ಇಟ್ಟು ನೋಡಿ. ಹಿಗ್ಗು 0.5 ಶೇಕಡಾ ದಾಟಿದ್ದರೆ ಚೈನ್ ಬದಲಿಸಿ. ಹಿಗ್ಗಿದ ಚೈನಿನ ಜೊತೆ ಹೊಸ ಕ್ಯಾಸೆಟ್ ಹಾಕಿದರೆ ಒತ್ತಿ ತುಳಿದಾಗ ಹಲ್ಲು ಹಾರ್ತದೆ, ಸವೆದ ಕ್ಯಾಸೆಟ್ಟಿಗೆ ಹೊಸ ಚೈನ್ ಹಾಕಿದರೂ ಅದೇ ಕತೆ. ಹೊಸ ಹಬ್ ಕೂರಿಸಿದ ಮೇಲೆ ಗೇರ್ ಸ್ವಲ್ಪ ಸದ್ದು ಮಾಡಿದರೆ ಕೇಬಲ್ ಬ್ಯಾರಲ್ ಕಾಲು ಸುತ್ತು ಅತ್ತಿತ್ತ ಮಾಡಿ, ಹೆಚ್ಚಿನದು ಬೇಕಾಗುವುದಿಲ್ಲ. ಲಿಮಿಟ್ ಸ್ಕ್ರೂ ಮಾತ್ರ ಮರೀದೆ ನೋಡಿ: ಅತಿ ದೊಡ್ಡ ಹಲ್ಲಿನಲ್ಲಿ ಇಟ್ಟು ಡಿರೇಲರನ್ನು (ಚೈನ್ ಸರಿಸುವ ಕೈ) ಕೈಯಲ್ಲಿ ಒಳಕ್ಕೆ ತಳ್ಳಿದರೂ ಕಡ್ಡಿಗೆ ತಾಗಬಾರದು.

ಹೊದಿಕೆಯಿರುವ ಹಳೆ ಚಕ್ರ ನೋಡಲು ಹೋದಾಗ ಬ್ರೇಕ್ ಪಟ್ಟಿಗೆ ಅಡ್ಡವಾಗಿ ಸ್ಟೀಲ್ ಸ್ಕೇಲಿನ ಅಂಚು ಇಡಿ. ನಡುವೆ ಬೆಳಕು ಕಂಡರೆ ಪಟ್ಟಿ ಸವೆದು ಗುಳಿ ಬಿದ್ದಿದೆ ಅಂತ ಅರ್ಥ. ಹೊದಿಕೆ ಅಲ್ಯೂಮಿನಿಯಂಗೆ ಸೇರುವ ಗೆರೆಯ ಉದ್ದಕ್ಕೂ ಉಗುರು ಆಡಿಸಿ, ಎಲ್ಲಿಯೂ ಬಿಟ್ಟುಕೊಂಡಿರಬಾರದು. ಹೊದಿಕೆಯನ್ನು ಹೆಬ್ಬೆರಳಲ್ಲಿ ಒತ್ತಿ ಪರೀಕ್ಷೆ ಮಾಡಬೇಡಿ, ಅದು ತೆಳು, ಭಾರ ಹೊರುವುದು ಒಳಗಿನ ರಿಮ್.

ಕಡ್ಡಿಬಿಗಿ:

ಮೇಲೆ ಬರೆಯಲು ಬಿಟ್ಟುಹೋದದ್ದು. ಲೇಟೆಕ್ಸ್ ಟ್ಯೂಬಿಗೆ ರಾತ್ರಿ ತುಂಬಿದ ಗಾಳಿ ಬೆಳಿಗ್ಗೆಗೆ ಇಳಿದಿರ್ತದೆ, ರೇಸಿನ ದಿನ ಟ್ರಾನ್ಸಿಶನ್‌ನಲ್ಲೇ (ಸೈಕಲ್ ಇಡುವ ಜಾಗ) ತುಂಬಿ. ನಿಮ್ಮ ತೂಕಕ್ಕೆ 25ರ ಟೈರಿಗೆ 80ರಿಂದ 85 ಪಿಎಸ್‌ಐ, 23ಕ್ಕೆ ಒಂದೈದು ಹೆಚ್ಚು. ಮುಂದೆ 50ರಿಂದ 60 ಮಿ.ಮೀ. ರಿಮ್ಮಿಗೆ 48 ಮಿ.ಮೀ. ಉದ್ದದ ವಾಲ್ವ್ ಪಂಪಿನ ತಲೆಗೆ ಸಾಲುವುದಿಲ್ಲ. 80ರದ್ದೇ ತಗೊಳ್ಳಿ, ಅಥವಾ ತಿರುಳು ಬಿಚ್ಚಲು ಬರುವ ವಾಲ್ವಿಗೆ ಎಕ್ಸ್‌ಟೆಂಡರ್ ಹಾಕಿ, ಎಳೆಗಳಿಗೆ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪ್ ಎರಡು ಸುತ್ತು ಸುತ್ತಿ. ಸೀಟಿನ ಕೆಳಗೆ ಕಟ್ಟುವ ಬಿಡಿ ಟ್ಯೂಬೂ ಉದ್ದ ವಾಲ್ವಿನದೇ ಇರಲಿ, ಮಾಮೂಲಿ ಬ್ಯುಟೈಲ್ ಸಾಕು. ಉದ್ದದ್ದು ಹಿಂದಿನ ಚಕ್ರಕ್ಕೂ ಆಗ್ತದೆ, ಆದರೆ ಮುಚ್ಚಳದ ಕಿಟಕಿಯಲ್ಲಿ ಅಷ್ಟು ಉದ್ದದ ವಾಲ್ವಿಗೆ ಪಂಪಿನ ತಲೆ ಕೂರ್ತದಾ ಅಂತ ಮನೆಯಲ್ಲೇ ಒಮ್ಮೆ ಹಾಕಿ ನೋಡಿ.