ಮೂರನೆಯ ಡಿಗ್ರಿಯ ಕತ್ತಲೆಯಲ್ಲಿ ಹೊಗೆ, ಸೋರುವ ಮೇಣ, ಎಡವುವ ಹಿರಿಯರು: ಪರಿಹಾರ ತಿಳಿಸಿ

ಪ್ರಶ್ನೆ (ಪುಣೆಯಿಂದ)

ಸಹೋದರರಿಗೆ ನಮಸ್ಕಾರ. ಪುಣೆಯ ನಮ್ಮ ಮೇಸನಿಕ್ ಲಾಡ್ಜ್‌ನಲ್ಲಿ (ಫ್ರೀಮೇಸನ್ ಸಂಘದ ಸ್ಥಳೀಯ ಶಾಖೆಯಲ್ಲಿ) ಈ ವರ್ಷ ಸಭಾಂಗಣವನ್ನು ಸಜ್ಜುಗೊಳಿಸುವ ಹೊಣೆ ನನ್ನದಾಗಿದೆ. ವಿಧಿಯ ಒಳಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಮುದ್ರಿತ ಪುಸ್ತಕಗಳಲ್ಲಿ ಎಲ್ಲರೂ ಓದಬಹುದಾದಷ್ಟನ್ನು ಮಾತ್ರ ಹೇಳುತ್ತೇನೆ. ಮೂರನೆಯ ಡಿಗ್ರಿಯಲ್ಲಿ, ಅಂದರೆ ಸದಸ್ಯರೊಬ್ಬರನ್ನು ಮೂರನೆಯ ಹಂತಕ್ಕೆ ಏರಿಸುವ ವಿಧಿಯಲ್ಲಿ, ವಿದ್ಯುದ್ದೀಪಗಳನ್ನೆಲ್ಲ ಆರಿಸಿ, ಪಶ್ಚಿಮದಲ್ಲಿ ಸೀನಿಯರ್ ವಾರ್ಡನ್ ಅವರ ಬಳಿಯಿರುವ ಮತ್ತು ದಕ್ಷಿಣದಲ್ಲಿ ಜೂನಿಯರ್ ವಾರ್ಡನ್ ಅವರ ಬಳಿಯಿರುವ ಮೇಣದಬತ್ತಿಗಳನ್ನೂ ನಂದಿಸಿ, ಪೂರ್ವದಲ್ಲಿ ಲಾಡ್ಜ್‌ನ ಮುಖ್ಯಸ್ಥರಾದ ಮಾಸ್ಟರ್ ಅವರ ಪಕ್ಕದ ಒಂದನ್ನು ಮಾತ್ರ ಉಳಿಸಿಕೊಳ್ಳುತ್ತೇವೆ.

ತೊಂದರೆ ಶುರುವಾಗುವುದು ಅಲ್ಲಿಂದಲೇ. ಎರಡು ಬತ್ತಿಗಳನ್ನು ನಂದಿಸಿದ ಕೂಡಲೇ ಮೇಲಿನ ಹೊಗೆ ಪತ್ತೆ ಯಂತ್ರ ಕೂಗಿಕೊಳ್ಳುತ್ತದೆ. ಪೂರ್ವದ ಬತ್ತಿಯ ಕುಡಿ ಒಂದೇ ಸಮನೆ ಹೊಯ್ದಾಡಿ, ಮೇಣ ಒಂದು ಪಕ್ಕದಲ್ಲಿ ಮಾತ್ರ ಸೋರಿ, ಬಲಿಪೀಠದ ಬಟ್ಟೆಯ ಮೇಲೆ ಬೀಳುತ್ತದೆ. ಇವೆರಡಕ್ಕಿಂತ ಹೆಚ್ಚಿನ ಚಿಂತೆಯೆಂದರೆ, ಅರವತ್ತು ದಾಟಿದ ಸಹೋದರರಿಗೆ ನೆಲವೇ ಕಾಣದೆ, ಪೂರ್ವದ ಮೆಟ್ಟಿಲುಗಳ ಬಳಿ ಕಾಲು ತಡವರಿಸುತ್ತಿದೆ. ಬ್ಯಾಟರಿಯ ಬತ್ತಿ ತರೋಣವೆಂದು ಕೆಲವರು, ಒಂದೆರಡು ಬಲ್ಬು ಉರಿಯಲೆಂದು ಇನ್ನು ಕೆಲವರು ಹೇಳುತ್ತಿದ್ದಾರೆ. ಎರಡಕ್ಕೂ ನನ್ನ ಮನಸ್ಸು ಒಪ್ಪುತ್ತಿಲ್ಲ.

ಉತ್ತರ (ಮುಂಬೈ, ಮಾಟುಂಗಾದಿಂದ)

ಮೊದಲು ಕಣ್ಣಿನ ವಿಷಯ ಹೇಳುತ್ತೇನೆ, ಏಕೆಂದರೆ ಬಿದ್ದು ಮೂಳೆ ಮುರಿದುಕೊಳ್ಳುವ ಅಪಾಯ ಅಲ್ಲಿದೆ. ಸಾಮಾನ್ಯ ಮೇಣದಬತ್ತಿಯೊಂದು ಒಂದು ಮೀಟರ್ ದೂರದಲ್ಲಿ ಸುಮಾರು 1 ಲಕ್ಸ್ (ಬೆಳಕಿನ ಅಳತೆ) ಬೆಳಕು ಕೊಡುತ್ತದೆ. ಮೂರು ಮೀಟರ್ ಆಚೆಗೆ ಅದು ಒಂಬತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಅಷ್ಟು ಕಡಿಮೆಯೇ ಎಂದು ಅನ್ನಿಸಬಹುದು, ಆದರೆ ಹುಣ್ಣಿಮೆಯ ಬೆಳಕೂ ಹೆಚ್ಚುಕಡಿಮೆ ಅಷ್ಟೇ, ಮತ್ತು ಆ ಬೆಳಕಿನಲ್ಲಿ ನಮ್ಮ ಊರಿನ ಹಿರಿಯರು ಗದ್ದೆಯ ಬದುವಿನ ಮೇಲೆ ನಡೆದು ಮನೆ ಸೇರುತ್ತಿದ್ದರು. ಆದ್ದರಿಂದ ನಿಮ್ಮಲ್ಲಿ ಕೊರತೆಯಿರುವುದು ಬೆಳಕಿಗಲ್ಲ, ಸಮಯಕ್ಕೆ. ಟ್ಯೂಬ್‌ಲೈಟಿನ ಬೆಳಕಿನಿಂದ ಒಮ್ಮೆಲೇ ಕತ್ತಲೆಗೆ ಬಿದ್ದ ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕು ಕೋಶಗಳು ಹೊಂದಿಕೊಳ್ಳಲು ಸುಮಾರು 10 ನಿಮಿಷ ಬೇಕು. ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ದಂಡ ಕೋಶಗಳಿಗೆ 20ರಿಂದ 30 ನಿಮಿಷ ಬೇಕು. ವಯಸ್ಸಾದಂತೆ ಇದು ಇನ್ನೂ ನಿಧಾನವಾಗುತ್ತದೆ.

ಹೀಗಾಗಿ ವಿಧಿಯ ಒಂದಕ್ಷರವನ್ನೂ ಬದಲಿಸದೆ, ಅದಕ್ಕೆ ಮುಂಚಿನ ಅರ್ಧ ಗಂಟೆಯನ್ನು ಬದಲಿಸಿಕೊಳ್ಳಿ. ಸೆಕ್ರೆಟರಿಯವರ ವರದಿ, ಹಿಂದಿನ ಸಭೆಯ ನಡಾವಳಿ, ಲೆಕ್ಕಪತ್ರ, ಹೀಗೆ ಓದಬೇಕಾದದ್ದನ್ನೆಲ್ಲ ಮೊದಲೇ ಮುಗಿಸಿ, ಆಮೇಲೆ ದೀಪಗಳನ್ನು ಒಂದೊಂದು ಸಾಲಾಗಿ ಆರಿಸುತ್ತ ಬನ್ನಿ. ಮೊಬೈಲುಗಳನ್ನು ಹೊರಗೆ ಬಾಗಿಲು ಕಾಯುವ ಟೈಲರ್ ಅವರ ಬಳಿ ಇರಿಸುವುದು ಮರ್ಯಾದೆಯ ಮಾತಷ್ಟೇ ಅಲ್ಲ. ಒಂದೇ ಒಂದು ಪರದೆ ಬೆಳಗಿದರೂ ಹತ್ತಿರದಲ್ಲಿ ಕುಳಿತವರ ಕಣ್ಣು ಮತ್ತೆ ಮೊದಲಿನಿಂದ ಪಳಗಬೇಕಾಗುತ್ತದೆ. ಮೆಟ್ಟಿಲುಗಳ ಅಂಚಿಗೆ ಬಿಳಿ ಪಟ್ಟಿ ಅಂಟಿಸಿ. ಕಪ್ಪು-ಬಿಳಿ ಚೌಕದ ನೆಲಹಾಸು ನಿಮ್ಮಲ್ಲಿದ್ದರೆ, ಮಂದ ಬೆಳಕಿನಲ್ಲಿ ಕಪ್ಪು ಚೌಕಗಳು ಹಳ್ಳಗಳಂತೆ ಕಾಣುತ್ತವೆಂಬುದನ್ನು ನೆನಪಿಡಿ. ನಮ್ಮ ಲಾಡ್ಜ್‌ನ ಹಿರಿಯರು ಕಾಲು ಎತ್ತಿ ಹಾಕುತ್ತಿದ್ದದ್ದು ಆ ಕಾರಣಕ್ಕೇ. ಅಂಥವರ ಪಕ್ಕದಲ್ಲಿ ಒಬ್ಬ ಡೀಕನ್ (ವಿಧಿಯಲ್ಲಿ ಜೊತೆಗೆ ನಡೆಸುವ ಪದಾಧಿಕಾರಿ) ನಡೆದರೆ ಸಾಕು. ತೀರಾ ಅಗತ್ಯವಾದರೆ ಮೆಟ್ಟಿಲಿನ ಬುಡದಲ್ಲಿ ಮಂಕಾದ ಕೆಂಪು ಬೆಳಕು ಇಡಬಹುದು, ದಂಡ ಕೋಶಗಳನ್ನು ಕೆಂಪು ಬಣ್ಣ ಅಷ್ಟಾಗಿ ಕೆಡಿಸುವುದಿಲ್ಲ.

ಇನ್ನು ಹೊಗೆ. ಉರಿಯುವ ಬತ್ತಿಗಿಂತ ಆರಿದ ಬತ್ತಿ ಹೆಚ್ಚು ಹೊಗೆ ಬಿಡುತ್ತದೆ. ಆರಿದ ಮೇಲೂ ನೂಲಿನ ತುದಿ ಕೆಂಡದಂತಿದ್ದು ಮೇಣವನ್ನು ಆವಿ ಮಾಡುತ್ತಲೇ ಇರುತ್ತದೆ. ಆ ಆವಿ ಸಣ್ಣ ಹನಿಗಳಾಗಿ ಬಿಳಿ ಎಳೆಯಂತೆ ಮೇಲೇರುತ್ತದೆ. ಬೆಳಕು ಚದುರುವುದನ್ನು ಗಮನಿಸುವ ಯಂತ್ರಕ್ಕೆ ಅದು ಬೆಂಕಿಯ ಹೊಗೆಯೆಂದೇ ತೋರುತ್ತದೆ. ಬಾಯಿಂದ ಊದುತ್ತಿದ್ದರೆ ಇಂದೇ ನಿಲ್ಲಿಸಿ. ಬಾಗಿಸಿದ ತಂತಿಯೊಂದರಿಂದ ಉರಿಯುವ ನೂಲನ್ನು ಅದರ ಬುಡದ ಕರಗಿದ ಮೇಣದೊಳಗೆ ಅದ್ದಿ, ಕ್ಷಣ ಬಿಟ್ಟು ಮೇಲೆತ್ತಿ ನೆಟ್ಟಗೆ ನಿಲ್ಲಿಸಿ. ಕೆಂಡ ಮೇಣದಲ್ಲಿ ಮುಳುಗುವುದರಿಂದ ಹೊಗೆ ಏಳುವುದೇ ಇಲ್ಲವೆನ್ನಬಹುದು, ಮತ್ತು ಮೇಣ ಮೆತ್ತಿದ ನೂಲು ಮುಂದಿನ ಬಾರಿ ಸುಲಭವಾಗಿ ಹೊತ್ತಿಕೊಳ್ಳುತ್ತದೆ.

ಊದಬಾರದೆನ್ನಲು ಇನ್ನೊಂದು ಕಾರಣವೂ ಇದೆ. ಮುಂಬೈಯ ಮೇಸನ್ ಪರಂಪರೆಯಲ್ಲಿ ಪಾರ್ಸಿಗಳ ಪಾಲು ಬಹಳ ದೊಡ್ಡದು. 1843ರಲ್ಲಿ ಇಲ್ಲಿ ಭಾರತೀಯರಿಗೆ ಬಾಗಿಲು ತೆರೆದ ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ ಲಾಡ್ಜ್ ಹುಟ್ಟುವಲ್ಲಿ ಮಾಣೆಕ್‌ಜಿ ಕರ್ಸೆಟ್‌ಜಿಯವರ ಹಟ ಕೆಲಸ ಮಾಡಿತ್ತು. ಅಗ್ನಿಗೆ ಉಸಿರು ತಾಕಿಸದ ಸಹೋದರರು ಪಕ್ಕದಲ್ಲಿ ಕುಳಿತಿರುವಾಗ, ಮನೆಯಲ್ಲಿ ದೇವರ ದೀಪವನ್ನು ಊದಿ ಆರಿಸದ ನಾವು ಲಾಡ್ಜ್‌ನಲ್ಲಿ ಊದುವುದು ತರವಲ್ಲ.

ಸೋರುವುದಕ್ಕೆ ಗಾಳಿಯೇ ಕಾರಣ. ಫ್ಯಾನ್ ಅಥವಾ ಏಸಿಯ ಗಾಳಿ ಕುಡಿಯನ್ನು ಒಂದು ಪಕ್ಕಕ್ಕೆ ಬಾಗಿಸಿದರೆ ಆ ಪಕ್ಕದ ಅಂಚು ಮೊದಲು ಕರಗಿ ಕಟ್ಟೆ ಒಡೆಯುತ್ತದೆ. ಬತ್ತಿಯ ತುದಿಗೆ ಗಾಜಿನ ಅಥವಾ ಹಿತ್ತಾಳೆಯ ಬಳೆಯಂಥ ಟೋಪಿ ತೊಡಿಸಿ. ಬತ್ತಿ ಕರಗಿದಂತೆ ಅದೂ ಇಳಿಯುತ್ತ ಅಂಚನ್ನು ಸಮವಾಗಿ ಕಾಯುತ್ತದೆ. ನೂಲನ್ನು ಪ್ರತಿ ಸಲ 6 ಮಿಲಿಮೀಟರಿಗೆ ಕತ್ತರಿಸಿ.

ಬ್ಯಾಟರಿ ಬತ್ತಿಯನ್ನು ನಾನು ಒಪ್ಪುವುದಿಲ್ಲ. ಆ ಕತ್ತಲೆಯಲ್ಲಿ ನಿಂತವನು ನೋಡಬೇಕಾದದ್ದು ಯಾವ ಕ್ಷಣದಲ್ಲೂ ಆರಿಹೋಗಬಹುದಾದ, ಯಾರೋ ಕಾಪಾಡುತ್ತಿರುವ ಬೆಳಕನ್ನು. ಗುಂಡಿ ಒತ್ತಿದರೆ ಉರಿಯುವ ಬೆಳಕಿಗೆ ಆ ಗುಣವಿಲ್ಲ.

ಉತ್ತರ (ಗೋವಾ, ವಾಸ್ಕೋದಿಂದ)

ಮೇಲಿನವರ ಮಾತಿಗೆ ಒಂದಿಷ್ಟು ಸೇರಿಸುತ್ತೇನೆ. ನೂಲು ಹೆಣೆದದ್ದೋ ಬರಿದೇ ಹೊಸೆದದ್ದೋ ಎಂದು ನೋಡಿ ಕೊಳ್ಳಿ. ಹೆಣೆದ ನೂಲು ಉರಿಯುತ್ತ ತಾನೇ ಬಾಗಿ, ತುದಿ ಕುಡಿಯ ಹೊರ ಅಂಚಿಗೆ ಬಂದು ಬೂದಿಯಾಗುತ್ತದೆ. ಹೊಸೆದದ್ದು ನೆಟ್ಟಗೆ ನಿಂತು, ತುದಿಯಲ್ಲಿ ಅಣಬೆಯಂತೆ ಕರಿ ಕಟ್ಟಿ, ಮಸಿ ಉಗುಳುತ್ತದೆ. ಹೆಣೆದ ನೂಲು ಬಂದದ್ದೇ 1820ರ ದಶಕದಲ್ಲಿ, ಫ್ರಾನ್ಸ್‌ನಲ್ಲಿ. ಇಂಗ್ಲೆಂಡಿನ ಎರಡು ಗ್ರ್ಯಾಂಡ್ ಲಾಡ್ಜ್‌ಗಳು (ಲಾಡ್ಜ್‌ಗಳ ಮೇಲಿನ ಆಡಳಿತ ಸಂಸ್ಥೆಗಳು) 1813ರಲ್ಲಿ ಒಂದಾಗಿ ವಿಧಿಗಳನ್ನು ಹೊಂದಿಸಿಕೊಂಡ ಕಾಲದಲ್ಲಿ ಬತ್ತಿಯ ತುದಿಯನ್ನು ಆಗಾಗ ಕತ್ತರಿಯಿಂದ ಸವರಲೇಬೇಕಿತ್ತು.

ಇಲ್ಲಿ ಚರ್ಚುಗಳಿಗೆ ಬತ್ತಿ ಒದಗಿಸುವ ಅಂಗಡಿಗಳಲ್ಲಿ ಕೊಂಡರೆ ಒಳ್ಳೆಯ ಮಾಲು ಸಿಗುತ್ತದೆ. ಮಳೆಗಾಲದಲ್ಲಿ ಮುಚ್ಚಳವಿರುವ ಡಬ್ಬಿಯಲ್ಲಿಡಿ, ಇಲ್ಲವಾದರೆ ನೂಲು ತೇವ ಹೀರಿ ಚಟಪಟಗುಟ್ಟುತ್ತದೆ. ಪುಣೆಯ ಏಪ್ರಿಲ್ ಬಿಸಿಲಿಗೆ ಉದ್ದದ ಬತ್ತಿಗಳು ಬಾಗುವುದರಿಂದ ಮಲಗಿಸಿಯೇ ಇಡಿ.

ಮರುಪ್ರಶ್ನೆ (ಪುಣೆಯಿಂದ)

ತಂತಿಯ ಉಪಾಯವನ್ನು ತಾಲೀಮಿನಲ್ಲಿ ಮಾಡಿ ನೋಡಿದೆ, ಯಂತ್ರ ಸುಮ್ಮನಿತ್ತು. ದೀಪಗಳನ್ನು ಸಾಲಾಗಿ ಆರಿಸಿದ್ದರಿಂದ ಹಿರಿಯರೊಬ್ಬರು ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಇಳಿದರು. ಆದರೆ ಬಾಗಿಲ ಮೇಲಿನ ಹಸಿರು ನಿರ್ಗಮನ ಫಲಕದ ಬೆಳಕು ಕತ್ತಲೆಯನ್ನು ಕೆಡಿಸುತ್ತದೆ. ಅದಕ್ಕೆ ಬಟ್ಟೆ ಮುಚ್ಚಬಹುದೇ? ಮುನ್ನೆಚ್ಚರಿಕೆಗಾಗಿ ಹೊಗೆ ಯಂತ್ರಕ್ಕೂ ಮುಚ್ಚಬಹುದೇ?

ಉತ್ತರ (ಮುಂಬೈ, ಮಾಟುಂಗಾದಿಂದ)

ಎರಡನ್ನೂ ಮುಚ್ಚಬೇಡಿ. ನಿಜವಾದ ಬೆಂಕಿ ಬಿದ್ದರೆ ಕತ್ತಲೆಯಲ್ಲಿ ಅಷ್ಟು ಜನಕ್ಕೆ ದಾರಿ ತೋರುವುದು ಆ ಫಲಕ ಒಂದೇ. ಅದು ಮಾಸ್ಟರ್ ಅವರ ಕಣ್ಣಿಗೆ ನೇರವಾಗಿ ಬೀಳುತ್ತಿದ್ದರೆ ಪೂರ್ವದ ಕುರ್ಚಿಯನ್ನು ಸ್ವಲ್ಪ ಸರಿಸಿ. ಡಿಗ್ರಿ ಪಡೆಯುವ ಸಹೋದರರು ನಿಲ್ಲುವ ಜಾಗದಿಂದ ಅದು ಬೆನ್ನಿಗೆ ಬರುವಂತೆ ನೋಡಿಕೊಳ್ಳಿ. ಯಂತ್ರದ ವಿಷಯವನ್ನು ಕಟ್ಟಡದ ಉಸ್ತುವಾರಿಯವರಿಗೆ ಮೊದಲೇ ತಿಳಿಸಿ, ಬತ್ತಿ ಉರಿಯುವಷ್ಟು ಹೊತ್ತೂ ಒಬ್ಬ ಸಹೋದರರನ್ನು ಬೆಂಕಿ ಆರಿಸುವ ಸಿಲಿಂಡರಿನ ಪಕ್ಕದಲ್ಲಿ ಕೂರಿಸಿ.